ಹಂದಿಗೆ ಮೀಸಲಾದ ಕಾಯಿ

ತ್ರುಹಿಯೊ ಊರು ಬಿಟ್ಟು ಒಂದು ಗಂಟೆ ನಡೆದಿದ್ದೆವು. ನವೆಂಬರ್ ತಿಂಗಳು. ದಾರಿಯ ಎರಡೂ ಕಡೆ ಎದೆಮಟ್ಟದ ಕಲ್ಲುಗೋಡೆ. ಗೋಡೆಯಾಚೆ ದೂರದೂರಕ್ಕೆ ನಿಂತ ಓಕ್ ಮರಗಳು, ಅವುಗಳ ಬುಡದಲ್ಲಿ ಮಳೆಗೆ ಆಗತಾನೆ ಚಿಗುರಿದ ಹುಲ್ಲು. ಆ ಹುಲ್ಲಿನಲ್ಲಿ ಕಪ್ಪು ಹಂದಿಗಳು ಮೂತಿ ಊರಿಕೊಂಡು ಏನನ್ನೋ ಕಟಕಟ ಅಗಿಯುತ್ತಿದ್ದವು. ಒಂದು ಕೊಂಬೆ ಗೋಡೆ ದಾಟಿ ದಾರಿಗೆ ಚಾಚಿತ್ತು. ಅದರಿಂದ ಬಿದ್ದ ಕಾಯಿಗಳನ್ನು ನಾವೂ ಹೆಕ್ಕಿಕೊಂಡೆವು. ಬೆರಳ ಗೆಣ್ಣಿನಷ್ಟು ಉದ್ದ, ತಲೆಗೊಂದು ಟೋಪಿ. ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡರೆ ಮೊದಲು ಒಗರು, ಆಮೇಲೆ ಸಿಹಿ. ಹಸಿ ಕಡಲೆಕಾಯಿಗೂ ಹಲಸಿನ ಬೀಜಕ್ಕೂ ನಡುವಿನ ರುಚಿ ಅಂತ ನಮ್ಮಲ್ಲೊಬ್ಬರು ಅಂದರು. ಸುಮಾರು ತೊಂಬತ್ತು ವರ್ಷದ ಹಿಂದೆ ಈ ಸೀಮೆಯಲ್ಲಿ ಇದೇ ಕಾಯಿ ಹೆಕ್ಕಿದ್ದಕ್ಕೆ ಜನ ಏಟು ತಿಂದಿದ್ದಾರೆ. ಹಂದಿ ತಿಂದರೆ ಮೇವು, ಹಸಿದ ಮನುಷ್ಯ ತಿಂದರೆ ಕಳವು. ನಾವು ಇಲ್ಲಿ ಬರೆಯಹೊರಟಿರುವುದು ಆ ಕಳವಿನ ಚರಿತ್ರೆ.

ಸ್ಪೇನಿನ ನೈಋತ್ಯ ಮೂಲೆಯಲ್ಲಿ, ಪೋರ್ಚುಗಲ್ ಗಡಿಗೆ ತಾಗಿದಂತೆ ಎಕ್ಸ್‌ತ್ರೆಮದೂರ ಅನ್ನುವ ಸೀಮೆ ಇದೆ. ಕಾಸೆರೆಸ್, ಬದಹೋಸ್ ಅಂತ ಎರಡು ಜಿಲ್ಲೆ. ಇಲ್ಲಿನ ಓಕ್ ಮರಗಳ ಹುಲ್ಲುಗಾವಲಿಗೆ ದೆಏಸಾ ಅನ್ನುತ್ತಾರೆ. ಪೋರ್ಚುಗಲ್ ಕಡೆಯದನ್ನೂ ಸೇರಿಸಿದರೆ ಇಂಥ ನೆಲ ಮೂವತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು. ಪ್ರವಾಸಿಗಳಿಗೆ ಹಂಚುವ ಕಾಗದಗಳಲ್ಲಿ ಇದನ್ನು ನಿಸರ್ಗದ ಕೊಡುಗೆ ಅಂತ ಬಣ್ಣಿಸಿರುತ್ತಾರೆ. ನಾಲ್ಕು ದಿನ ಇದರೊಳಗೆ ನಡೆದ ಮೇಲೆ ನಮಗೆ ಆ ಮಾತು ಸುಳ್ಳು ಅನ್ನಿಸಿತು. ಇದು ನಿಸರ್ಗ ತಾನಾಗಿ ಕೊಟ್ಟದ್ದಲ್ಲ. ಕಾಡನ್ನು ತೆಳುವು ಮಾಡಿ, ಬೇಕಾದ ಮರ ಉಳಿಸಿ, ಬೇಡದ ಪೊದೆ ಕಡಿದು, ಕೊಂಬೆ ಸವರಿ, ಮರಗಳ ನಡುವೆ ಉತ್ತು, ನೂರಾರು ವರ್ಷ ಜನ ದುಡಿದು ಮಾಡಿದ ನೆಲ. ಕೆಲವು ವರ್ಷ ಕೈ ಬಿಟ್ಟರೆ ಅಂಟಂಟು ಎಲೆಯ ಪೊದೆಗಳು ಬಂದು ಮುಚ್ಚಿಬಿಡುತ್ತವೆ. ಹಾಗೆ ಮುಚ್ಚಿಹೋದ ತುಂಡುಗಳನ್ನು ನಾವು ದಾರಿಯುದ್ದಕ್ಕೂ ಕಂಡೆವು.

ಬಾಟಲಿಗೆ ಬಿರಡೆಯಾಗುವ ಕಾರ್ಕ್ ಇಲ್ಲಿನದೇ ಇನ್ನೊಂದು ಜಾತಿಯ ಓಕ್ ಮರದ ತೊಗಟೆ. ಒಮ್ಮೆ ಸುಲಿದರೆ ಮತ್ತೆ ಒಂಬತ್ತು ವರ್ಷ ಕಾಯಬೇಕು. ಬೇಸಿಗೆಯ ಉರಿಯಲ್ಲಿ ಕೊಡಲಿಯಿಂದ ಸುಲಿಯುತ್ತಾರೆ. ಏಟು ಹೊರತೊಗಟೆ ಸೀಳಬೇಕು, ಒಳಚರ್ಮಕ್ಕೆ ತಾಗಬಾರದು. ತಾಗಿದರೆ ಮರ ಕೆಡುತ್ತದೆ. ಇಂಥ ಕೈಚಳಕ ಇರುವವರಿಗೆ ನೂರಾರು ವರ್ಷ ಸಿಕ್ಕಿದ್ದು ಸುಗ್ಗಿಯ ಕೆಲವು ವಾರದ ಕೂಲಿ ಮಾತ್ರ. ಮರ ಮಾತ್ರ ಧಣಿಯ ಲೆಕ್ಕಕ್ಕೆ.

ದೆಏಸಾ ಅನ್ನುವ ಪದವನ್ನೇ ನೋಡಿ. ಲ್ಯಾಟಿನ್ನಿನ 'ದೆಫೆನ್ಸಾ' ಅನ್ನುವ ಮಾತಿನಿಂದ ಬಂದದ್ದು. ಕಾದಿರಿಸಿದ್ದು, ಬೇಲಿ ಹಾಕಿದ್ದು, ಬೇರೆಯವರು ಬರಕೂಡದು ಅಂತ ತಡೆದದ್ದು ಅಂತ ಅರ್ಥ. ಯಾರು ಬರಕೂಡದು? ಮೊದಮೊದಲಿಗೆ ಹೊರಗಿಂದ ಬರುವ ಕುರಿಮಂದೆ ಬರಕೂಡದು. ಊರಿನ ಉಳುವ ಎತ್ತುಗಳಿಗೆ ಮೇವಿರಲಿ ಅಂತ ಊರಿಗೂರೇ ಸೇರಿ ಕಾದಿಟ್ಟ ನೆಲಗಳಿದ್ದವು. ಎತ್ತಿನ ದೆಏಸಾ ಅಂತಲೇ ಅವಕ್ಕೆ ಹೆಸರು. ನಮ್ಮ ಕಡೆಯ ಗೋಮಾಳ ಇದ್ದ ಹಾಗೆ. ಅದರ ಜೊತೆಗೇ ದೊರೆಗಳ ದೆಏಸಾ, ಮಠಗಳ ದೆಏಸಾ, ಕುದುರೆಯೇರಿದ ಸನ್ಯಾಸಿ ಸೈನಿಕರ ಪಂಥಗಳ ದೆಏಸಾಗಳೂ ಹುಟ್ಟಿದವು. ಹದಿಮೂರನೇ ಶತಮಾನದಲ್ಲಿ ಕ್ರೈಸ್ತ ರಾಜರು ಮುಸ್ಲಿಮರಿಂದ ಈ ಸೀಮೆ ಗೆದ್ದಾಗ, ಗೆದ್ದ ನೆಲವನ್ನು ಸಾಂತಿಯಾಗೊ, ಅಲ್ಕಾಂತರ ಮೊದಲಾದ ಪಂಥಗಳಿಗೂ ಸರದಾರರಿಗೂ ಜಹಗೀರಾಗಿ ಹಂಚಿದರು. ಸಾವಿರಾರು ಎಕರೆಯ ಎಸ್ಟೇಟುಗಳ ಬೇರು ಅಲ್ಲಿದೆ.

ಇನ್ನು ಕುರಿಗಳು. 1273ರಲ್ಲಿ ಹತ್ತನೆಯ ಅಲ್ಫೊನ್ಸೊ ರಾಜ ಮೆಸ್ತಾ ಅನ್ನುವ ಕುರಿ ಒಡೆಯರ ಸಂಘಕ್ಕೆ ಸನ್ನದು ಕೊಟ್ಟ. ಬೇಸಿಗೆಯಲ್ಲಿ ಉತ್ತರದ ಬೆಟ್ಟ, ಚಳಿಗಾಲದಲ್ಲಿ ಎಕ್ಸ್‌ತ್ರೆಮದೂರದ ಹುಲ್ಲು. ಹೀಗೆ ಮೆರಿನೊ ಕುರಿಗಳು ವರ್ಷಕ್ಕೆರಡು ಸಲ ದೇಶ ದಾಟುತ್ತಿದ್ದವು. ಅವು ನಡೆಯುವ ರಾಜಮಾರ್ಗದ ಅಗಲ ತೊಂಬತ್ತು ವಾರಾ, ಅಂದ್ರೆ ಸುಮಾರು 75 ಮೀಟರು. ಆ ಉಣ್ಣೆಯ ದುಡ್ಡಿನಲ್ಲಿ ರಾಜ, ಮಠ, ದೊಡ್ಡ ಮನೆತನಗಳು ಕೊಬ್ಬಿದವು. ಕುರಿಯ ಕಾಲಿಗೆ ಬೆಳೆ ಸಿಕ್ಕಿದ ಸಣ್ಣ ರೈತ ನ್ಯಾಯಕ್ಕೆ ಹೋದರೆ ವಿಚಾರಣೆ ಮಾಡುವವರೂ ಮೆಸ್ತಾದ ಪರವಾಗಿಯೇ ಇರುತ್ತಿದ್ದರು. 1836ರಲ್ಲಿ ಮೆಸ್ತಾ ಮುಗಿಯಿತು, ದಾರಿಗಳು ಉಳಿದವು. ದೇಶದ ಉದ್ದಗಲಕ್ಕೆ ಸುಮಾರು 1,25,000 ಕಿಲೋಮೀಟರು ಅಂತ ಲೆಕ್ಕ. 1995ರ ಕಾಯಿದೆ ಇವೆಲ್ಲ ಸಾರ್ವಜನಿಕ ಆಸ್ತಿ, ಯಾರೂ ಮಾರುವಂತಿಲ್ಲ, ಎಷ್ಟು ವರ್ಷ ಒತ್ತುವರಿ ಮಾಡಿಕೊಂಡಿದ್ದರೂ ಹಕ್ಕು ಹುಟ್ಟುವುದಿಲ್ಲ ಅನ್ನುತ್ತದೆ. ಈ ಕಾಯಿದೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮಗೆ ಮುಂದೆ ಅದರಿಂದ ಕೆಲಸ ಬಿತ್ತು.

ಈಗ ನಡಿಗೆ ಶುರುವಾದ ಜಾಗಕ್ಕೆ ಹೋಗೋಣ. ತ್ರುಹಿಯೊದ ದೊಡ್ಡ ಚೌಕದಲ್ಲಿ ಫ್ರಾನ್ಸಿಸ್ಕೊ ಪಿಸಾರೊನ ಕಂಚಿನ ಪ್ರತಿಮೆ ಕುದುರೆ ಮೇಲೆ ಕೂತಿದೆ. 1929ರಲ್ಲಿ ನಿಲ್ಲಿಸಿದ್ದು. ಪೆರು ದೇಶದ ಇಂಕಾ ಸಾಮ್ರಾಜ್ಯವನ್ನು ಮುರಿದವನು ಈತ. 1532ರಲ್ಲಿ ಕಾಹಮಾರ್ಕದಲ್ಲಿ ಇಂಕಾ ದೊರೆ ಅತಹುವಾಲ್ಪನನ್ನು ಮೋಸದಿಂದ ಹಿಡಿದ, ಕೋಣೆ ತುಂಬ ಚಿನ್ನ ಕಿತ್ತುಕೊಂಡ, ಮರುವರ್ಷ ಕೊಂದ. ಇದೇ ಪ್ರತಿಮೆಯ ಜೋಡಿ ಲಿಮಾ ನಗರದಲ್ಲಿತ್ತು. ಅಲ್ಲಿಯ ಜನರ ವಿರೋಧದಿಂದ 2003ರಲ್ಲಿ ಅದನ್ನು ಚೌಕದಿಂದ ತೆಗೆದರು. 2025ರಲ್ಲಿ ಮತ್ತೆ ನಗರದ ನಡುವಿಗೇ ತಂದರು. ತ್ರುಹಿಯೊದಲ್ಲಿ ಮಾತ್ರ ಅವನ ಕುದುರೆ ಕಾಲು ಕೆಳಗಿಟ್ಟಿಲ್ಲ.

ಪಿಸಾರೊ ಬಗ್ಗೆ ಊರಲ್ಲೊಂದು ಕತೆ ಇದೆ. ಅವನು ಒಬ್ಬ ಸರದಾರನಿಗೂ ಬಡ ಕೆಲಸದ ಹೆಣ್ಣಿಗೂ ಮದುವೆಯಿಲ್ಲದೆ ಹುಟ್ಟಿದ ಮಗ, ಚಿಕ್ಕಂದಿನಲ್ಲಿ ಈ ಓಕ್ ಮರಗಳ ಕೆಳಗೆ ಹಂದಿ ಕಾಯುತ್ತಿದ್ದ, ಒಂದು ದಿನ ಹಂದಿ ಕಳೆದುಹೋಯಿತು ಅಂತ ಹೆದರಿ ಓಡಿಹೋದ ಅಂತ. ಹುಟ್ಟಿನ ಮಾತು ನಿಜ, ಓದುಬರಹ ಬರುತ್ತಿರಲಿಲ್ಲ ಅನ್ನುವುದೂ ನಿಜ. ಹಂದಿಯ ಮಾತನ್ನು ಚರಿತ್ರೆಕಾರರು ನಂಬುವುದಿಲ್ಲ. ನಮಗೆ ಆ ಕತೆ ಬೇರೊಂದು ಕಾರಣಕ್ಕೆ ಮುಖ್ಯ. ಹಂದಿ ಕಾಯುವವನು ದೊಡ್ಡವನಾಗಬೇಕಾದರೆ ಸಮುದ್ರ ದಾಟಿ ಇನ್ನೊಬ್ಬರ ಕುತ್ತಿಗೆಗೆ ಸರಪಳಿ ಹಾಕಬೇಕು ಅಂತ ಈ ಊರು ನಾಲ್ಕೈದು ನೂರು ವರ್ಷದಿಂದ ಮಕ್ಕಳಿಗೆ ಹೇಳಿಕೊಡುತ್ತ ಬಂದಿದೆ. ಸರಪಳಿ ಅಂದದ್ದು ಅಲಂಕಾರಕ್ಕಲ್ಲ. ಚಕ್ರವರ್ತಿ ಐದನೆಯ ಚಾರ್ಲ್ಸ್ ಪಿಸಾರೊನಿಗೆ ಕೊಟ್ಟ ಲಾಂಛನದಲ್ಲಿಯೇ ಕುತ್ತಿಗೆಗೆ ಬಳೆ ಹಾಕಿದ ಅತಹುವಾಲ್ಪ, ಸರಪಳಿಯಲ್ಲಿ ಕಟ್ಟಿದ ಮುಖಂಡರು ಇದ್ದಾರೆ. ಚೌಕದ ಮೂಲೆಯ ಅರಮನೆಯ ಗೋಡೆಯಲ್ಲಿ ಪಿಸಾರೊನ ಮುಖದ ಪಕ್ಕ ಒಬ್ಬ ಇಂಕಾ ಹೆಣ್ಣಿನ ಮುಖವೂ ಇದೆ. ಅವನಿಂದ ಮಕ್ಕಳನ್ನು ಹೆತ್ತ ಇನೆಸ್ ಹುವಾಯ್ಲಾಸ್ ಆಕೆ. ಅವಳ ಮಗಳು ಫ್ರಾನ್ಸಿಸ್ಕಾಳನ್ನು ಪಿಸಾರೊನ ತಮ್ಮ ಎರ್ನಾಂದೊ 1552ರಲ್ಲಿ ಮದುವೆಯಾದ. ಅಣ್ಣನ ಮಗಳನ್ನು ಚಿಕ್ಕಪ್ಪನೇ ಕಟ್ಟಿಕೊಂಡ. ಆಸ್ತಿ ಮನೆಯಲ್ಲೇ ಉಳಿಯಿತು. ಕಲ್ಲಿನ ಕೆತ್ತನೆ ಬಹಳ ಚೆಲುವಾಗಿದೆ ಅಂತ ಬಂದವರೆಲ್ಲ ಫೋಟೊ ತೆಗೆದುಕೊಳ್ಳುತ್ತಿದ್ದರು. ನಾವೂ ತೆಗೆದುಕೊಂಡೆವು.

ಅಲ್ಲಿಂದ ಗ್ವಾದಲೂಪೆ ಮಠದವರೆಗೆ ಹಳೆಯ ಯಾತ್ರೆಯ ದಾರಿ. ಮೊದಲ ದಿನವೇ ಸಿಕ್ಕುವ ಒಂದು ಊರಿನ ಹೆಸರು ಕೊಂಕಿಸ್ತ, ಅಂದ್ರೆ 'ದಂಡಯಾತ್ರೆಯ ಗೆಲುವು'. ಪಿಸಾರೊ ಮನೆತನದ ಜಹಗೀರು. ಅಲ್ಲಿಂದ ಮುಂದೆ ಮರಗಳು, ಗೋಡೆಗಳು, ಹಂದಿಗಳು, ಮತ್ತೆ ಮರಗಳು. ಹಂದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಕಾಯಿ ಉದುರುವ ಕಾಲ. ಒಂದು ಹಂದಿ ದಿನಕ್ಕೆ ಏಳೆಂಟು ಕಿಲೋ ಕಾಯಿ ತಿನ್ನುತ್ತದೆ. 2014ರ ಸರ್ಕಾರಿ ನಿಯಮದ ಪ್ರಕಾರ ಮರದ ಕೆಳಗೆ ಅರವತ್ತು ದಿನಕ್ಕೆ ಕಡಿಮೆಯಿಲ್ಲದೆ ಮೇದು 46 ಕಿಲೋ ತೂಕ ಏರಿದರೆ ಮಾತ್ರ ಆ ತೊಡೆಗೆ 'ಕಾಯಿ ತಿಂದ ಹಂದಿ' ಅನ್ನುವ ಪಟ್ಟ. ತಳಿಯೂ ಪೂರಾ ಶುದ್ಧವಾಗಿದ್ದರೆ ಕಪ್ಪು ಚೀಟಿ. ತಳಿ ಬೆರಕೆಯಾದರೆ ಚೀಟಿಯ ಬಣ್ಣ ಬೇರೆ.

ಈ ಶುದ್ಧ ತಳಿಯ ಹುಚ್ಚು ಇಲ್ಲಿ ಹಂದಿಗೆ ಮೊದಲೇ ಮನುಷ್ಯನಿಗೆ ತಗುಲಿತ್ತು. 1449ರಲ್ಲಿ ತೊಲೇದೊ ನಗರದಲ್ಲಿ ಒಂದು ಕಟ್ಟಳೆ ಬಂತು. ಯಹೂದಿ ಮತದಿಂದ ಕ್ರೈಸ್ತರಾದವರು, ಅವರ ಮಕ್ಕಳು ಮೊಮ್ಮಕ್ಕಳು ಅಧಿಕಾರದ ಸ್ಥಾನಕ್ಕೆ ಬರಕೂಡದು. ಜ್ಞಾನಸ್ನಾನ ಆದರೂ ರಕ್ತ ತೊಳೆಯಲಿಲ್ಲ ಅನ್ನುವ ತರ್ಕ. ರಕ್ತಶುದ್ಧಿ ಅಂತ ಅದಕ್ಕೆ ಹೆಸರು. ಮಠ, ವಿದ್ಯಾಲಯ, ಸೈನಿಕ ಪಂಥಗಳಿಗೆ ಒಂದೊಂದಾಗಿ ಹಬ್ಬಿ ಹತ್ತೊಂಬತ್ತನೇ ಶತಮಾನದವರೆಗೂ ಉಳಿದುಕೊಂಡಿತು. ಯಾರ ರಕ್ತ ಹೇಗಿದೆ ಅಂತ ಪತ್ತೆ ಮಾಡಲು ಅಡಿಗೆಮನೆ ಹಣಕಿ ನೋಡುತ್ತಿದ್ದರು. ಹಂದಿಮಾಂಸ ಮುಟ್ಟದವನ ಮೇಲೆ ಅನುಮಾನ. ನಮ್ಮ ಕಡೆ ಹಂದಿ ತಿಂದವನನ್ನು ದೂರ ಇಟ್ಟರು, ಅಲ್ಲಿ ತಿನ್ನದವನನ್ನು ಸುಟ್ಟರು. ಹಂದಿಯ ತಪ್ಪು ಎರಡೂ ಕಡೆ ಏನೂ ಇಲ್ಲ.

ಇಲ್ಲಿ ಒಂದು ಪದದ ಕತೆ ನಮಗೆ ನೇರವಾಗಿ ಸಂಬಂಧಪಟ್ಟದ್ದು. ಸ್ಪೇನ್, ಪೋರ್ಚುಗಲ್ ಎರಡರಲ್ಲೂ 'ಕಾಸ್ತಾ' ಅನ್ನುವ ಮಾತಿದೆ. ದನ, ಕುದುರೆ, ಗಿಡಗಳ ತಳಿಗೂ ಮನುಷ್ಯರ ವಂಶಕ್ಕೂ ಬಳಸುತ್ತಿದ್ದದ್ದು. ಹದಿನಾರನೇ ಶತಮಾನದಲ್ಲಿ ಮಲಬಾರಿಗೂ ಗೋವಾಕ್ಕೂ ಬಂದ ಪೋರ್ಚುಗೀಸರು ಇಲ್ಲಿಯ ಜಾತಿಗಳನ್ನು ಕಂಡು ಇದೂ ಅದೇ ಅಂತ ಆ ಹೆಸರು ಇಟ್ಟರು. ಅದನ್ನು ಇಂಗ್ಲಿಷರು 'ಕಾಸ್ಟ್' ಮಾಡಿಕೊಂಡರು. ಮಗುವನ್ನು ಶಾಲೆಗೆ ಸೇರಿಸುವಾಗ ನಾವು ಕಚೇರಿ ಮುಂದೆ ಕ್ಯೂ ನಿಂತು ತರುವ ಕಾಸ್ಟ್ ಸರ್ಟಿಫಿಕೇಟಿನ ಹೆಸರು ಈ ಸೀಮೆಗಳ ದನದ ದೊಡ್ಡಿಯಲ್ಲೂ ಆಡುತ್ತಿದ್ದ ಮಾತು. ಪದ ಅವರದು, ರೋಗ ನಮ್ಮದೇ. ಅದನ್ನು ಅವರ ತಲೆಗೆ ಕಟ್ಟುವುದು ಬೇಡ.

ಗ್ವಾದಲೂಪೆ ಮಠ ಬೆಟ್ಟದ ಮಡಿಲಲ್ಲಿದೆ, ಕೋಟೆ ಇದ್ದ ಹಾಗೆ. ಕಪ್ಪು ಮೇರಿ ಮಾತೆಯ ಗುಡಿ. ಸ್ಪೇನಿನ ರಾಜರೆಲ್ಲ ಇಲ್ಲಿ ಬಂದು ಅಡ್ಡಬಿದ್ದಿದ್ದಾರೆ. 1485ರಲ್ಲಿ ಇಲ್ಲೇ ಮತವಿಚಾರಣೆಯ ನ್ಯಾಯಪೀಠ ಕೂತು, ಗುಟ್ಟಾಗಿ ಯಹೂದಿ ಆಚಾರ ನಡೆಸುತ್ತಾರೆ ಅಂತ ಊರಿನ ಜನರನ್ನೂ ಮಠದ ಸನ್ಯಾಸಿಯನ್ನೂ ಸುಟ್ಟಿತು. ಅದರ ಮರುವರ್ಷವೇ, 1486ರ ಏಪ್ರಿಲ್‌ನಲ್ಲಿ, ಫರ್ನಾಂದೊ ರಾಜ ಇದೇ ಮಠದಲ್ಲಿ ಕೂತು ಇನ್ನೊಂದು ತೀರ್ಪು ಕೊಟ್ಟ. ದೂರದ ಕತಲೂನ್ಯದಲ್ಲಿ ನೆಲಕ್ಕೆ ಕಟ್ಟಿಹಾಕಿದ ಜೀತದ ರೈತರು ಇಪ್ಪತ್ತೈದು ವರ್ಷದಲ್ಲಿ ಎರಡು ಸಲ ದಂಗೆ ಎದ್ದಿದ್ದರು. ಆಳನ್ನು ಕಾರಣವಿಲ್ಲದೆ ಹಿಂಸಿಸುವ ಹಕ್ಕು ಸೇರಿದಂತೆ ಧಣಿಗಳ 'ಕೆಟ್ಟ ರೂಢಿಗಳು' ಈ ತೀರ್ಪಿನಿಂದ ರದ್ದಾದವು. ಬಿಡುಗಡೆಗೆ ರೈತ ದುಡ್ಡು ಕಟ್ಟಬೇಕಾಗಿತ್ತು, ಅದು ಬೇರೆ ಮಾತು. ಹಿಂಸಿಸುವುದು ಒಂದು ಹಕ್ಕು ಅಂತ ಕಾನೂನಿನಲ್ಲಿ ಬರೆದಿಟ್ಟುಕೊಂಡ ಜನ ನಮ್ಮಲ್ಲಿ ಮಾತ್ರ ಇರಲಿಲ್ಲ ಅಂತ ತಿಳಿದು ನಮಗೆ ಸಮಾಧಾನವೇನೂ ಆಗಲಿಲ್ಲ.

ಅದಾಗಿ ಹತ್ತು ವರ್ಷಕ್ಕೆ, 1496ರ ಜುಲೈ 29ರಂದು, ಕೊಲಂಬಸ್ ಕಡಲಾಚೆಯಿಂದ ತಂದಿದ್ದ ಇಬ್ಬರು ಆಳುಗಳಿಗೆ ಇಲ್ಲಿ ಜ್ಞಾನಸ್ನಾನ ಮಾಡಿಸಿದರು. ಕ್ರಿಸ್ತೋಬಲ್, ಪೆದ್ರೊ ಅಂತ ಹೆಸರಿಟ್ಟರು. ಅವರ ತಾಯಿ ಇಟ್ಟ ಹೆಸರೇನು ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ಚೌಕದ ಕಾರಂಜಿಯ ತೊಟ್ಟಿಯೇ ಆ ದಿನದ್ದು ಅಂತ ಊರವರು ತೋರಿಸುತ್ತಾರೆ.

ಗ್ವಾದಲೂಪೆಯಿಂದ ನಾವು ಬಸ್ಸು ಹಿಡಿದು ಬದಹೋಸ್ ಕಡೆ ಹೊರಟೆವು. ಕಿಟಕಿಯಾಚೆ ಮತ್ತೆ ಅದೇ ಮರಗಳು. ಈ ಮರಗಳ ಕೆಳಗಿನ ಊರ ನೆಲ ಕೈತಪ್ಪಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1836ರಿಂದ ಮಠಗಳ ಆಸ್ತಿ ಹರಾಜಾಯಿತು, 1855ರ ಕಾಯಿದೆಯಿಂದ ಪಂಚಾಯ್ತಿಗಳ ನೆಲವೂ ಹರಾಜಾಯಿತು. ಪ್ರಗತಿಪರ ಸರ್ಕಾರ ಮಾಡಿದ ಕೆಲಸ ಇದು. ಮಠದ ಕೈಯಿಂದ ನೆಲ ಬಿಡಿಸಿದ್ದು ಸರಿಯೇ. ಆದರೆ ಹರಾಜಿನಲ್ಲಿ ಕೂಗಲು ದುಡ್ಡು ಯಾರ ಹತ್ತಿರ ಇತ್ತು? ಸೌದೆ ಆಯುವ, ಆಡು ಮೇಯಿಸುವ, ಕಾಯಿ ಹೆಕ್ಕುವ ನೆಲ ಒಂದು ಬೆಳಿಗ್ಗೆ ಪಟ್ಟಣದ ಸಾಹುಕಾರನದ್ದಾಯಿತು. ಅದನ್ನು ಕಾಯಲು 1844ರಲ್ಲೇ ಸಿವಿಲ್ ಗಾರ್ಡ್ ಅನ್ನುವ ಬಂದೂಕಿನ ಪಡೆ ಹುಟ್ಟಿತ್ತು.

ಆಮೇಲೆ ಉಳಿದವರು ಎರಡು ಬಗೆ. ಒಬ್ಬನಿಗೆ ಕೈಕಾಲು ಬಿಟ್ಟರೆ ಏನೂ ಇಲ್ಲ. ಬೆಳಗಿನ ಜಾವ ಊರ ಚೌಕದಲ್ಲಿ ನಿಲ್ಲುತ್ತಾನೆ, ಪಾರುಪತ್ಯಗಾರ ಬಂದು ಬೆರಳು ತೋರಿಸಿದರೆ ಆ ದಿನ ಕೂಲಿ. ಇನ್ನೊಬ್ಬ ಯುಂತೆರೊ. ಅವನ ಹತ್ತಿರ ಒಂದು ಜೊತೆ ಹೇಸರಗತ್ತೆ ಇದೆ, ನೇಗಿಲಿದೆ, ನೆಲ ಇಲ್ಲ. ಧಣಿ ಬಿಟ್ಟುಕೊಟ್ಟ ತುಂಡನ್ನು ಉಳುತ್ತಾನೆ, ಪೊದೆ ಕಡಿದು ಹಸನು ಮಾಡುತ್ತಾನೆ, ಹಸನಾದ ಮೇಲೆ ಧಣಿ ಅದನ್ನು ಹುಲ್ಲಿಗೆ ಬಿಟ್ಟು ಅವನನ್ನು ಎಬ್ಬಿಸುತ್ತಾನೆ. ಮಿಗೆಲ್ ಎರ್ನಾಂದೆಸ್ ಅನ್ನುವ ಕವಿ ಇಂಥ ಮನೆಯ ಮಗುವಿನ ಮೇಲೆ 1937ರಲ್ಲಿ ಪದ್ಯ ಬರೆದ. ಆ ಕವಿಯೂ ಆಡು ಕಾಯ್ದವನೇ. 1942ರಲ್ಲಿ ಫ್ರಾಂಕೊನ ಜೈಲಿನಲ್ಲಿ ಕ್ಷಯ ಬಂದು ಸತ್ತ.

1931ರ ಏಪ್ರಿಲ್‌ನಲ್ಲಿ ರಾಜ ಓಡಿಹೋಗಿ ಗಣರಾಜ್ಯ ಬಂತು. ಎಂಟು ಗಂಟೆ ದುಡಿಮೆ, ಕೂಲಿಗೆ ಕಾನೂನು, 1932ರಲ್ಲಿ ಭೂಸುಧಾರಣೆಯ ಕಾಯಿದೆ, ಯುಂತೆರೊಗಳಿಗೆ ಎರಡು ವರ್ಷದ ಮಟ್ಟಿಗೆ ಉಳಲು ನೆಲ. ಕಾಗದದಲ್ಲಿ ಬಂದದ್ದು ನೆಲಕ್ಕೆ ಇಳಿಯುವುದು ಎಷ್ಟು ಕಷ್ಟ ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಧಣಿಗಳು ಉಳುಮೆಯನ್ನೇ ನಿಲ್ಲಿಸಿದರು. ಕೆಲಸ ಕೇಳಿ ಬಂದವರಿಗೆ 'ಹೋಗಿ, ನಿಮ್ಮ ಗಣರಾಜ್ಯವನ್ನೇ ತಿನ್ನಿ' ಅಂದರು. ಜನ ತಿಂದದ್ದು ಓಕ್ ಕಾಯಿಯನ್ನು. ರಾತ್ರಿ ಗೋಡೆ ಹಾರಿ ಹೆಕ್ಕಿ ತರುವರು, ಸುಟ್ಟು ಮಕ್ಕಳಿಗೆ ಕೊಡುವರು, ಉಳಿದರೆ ಮಾರುವರು. ಸಿಕ್ಕಿಬಿದ್ದರೆ ಚೀಲ ಕಿತ್ತುಕೊಂಡು ಹೊಡೆಯುವರು. ಬದಹೋಸ್ ಜಿಲ್ಲೆಯಲ್ಲಿ ಆ ಚಳಿಗಾಲಗಳ ಪೊಲೀಸ್ ದಾಖಲೆಯ ತುಂಬ ಈ ಕಾಯಿ ಕಳವೇ ಇದೆ. 1931ರ ಡಿಸೆಂಬರ್ 31ರಂದು ಕಾಸ್ತಿಲ್‌ಬ್ಲಾಂಕೊ ಅನ್ನುವ ಹಳ್ಳಿಯಲ್ಲಿ ಮುಷ್ಕರದ ಮೆರವಣಿಗೆಯ ಮೇಲೆ ಗಾರ್ಡುಗಳು ಗುಂಡು ಹಾರಿಸಿ ಒಬ್ಬನನ್ನು ಕೊಂದರು. ಜನ ತಿರುಗಿಬಿದ್ದು ನಾಲ್ಕೂ ಗಾರ್ಡುಗಳನ್ನು ಕೊಂದರು. ಪತ್ರಿಕೆಗಳು ಹಳ್ಳಿಗರ ಕಾಡುತನದ ಬಗ್ಗೆ ಕಾಲಂಗಟ್ಟಲೆ ಬರೆದವು. ಹಸಿವಿನ ಬಗ್ಗೆ ಬರೆದದ್ದು ಕಡಿಮೆ.

1933ರ ಚುನಾವಣೆಯಲ್ಲಿ ಬಲಪಂಥ ಗೆದ್ದಿತು, ಯುಂತೆರೊಗಳನ್ನು ಎಬ್ಬಿಸಿದರು. 1936ರ ಫೆಬ್ರವರಿಯಲ್ಲಿ ಜನತಾರಂಗ ಗೆದ್ದಿತು. ಈ ಸಲ ಜನ ಕಾಗದಕ್ಕೆ ಕಾಯಲಿಲ್ಲ. ಮಾರ್ಚ್ 25ರ ಬೆಳಗಿನ ಜಾವ, ಕತ್ತಲು ಇನ್ನೂ ಹರಿದಿರಲಿಲ್ಲ, ಭೂಕಾರ್ಮಿಕರ ಸಂಘದ ಕರೆಯಂತೆ ಬದಹೋಸ್ ಜಿಲ್ಲೆಯ ಊರೂರಿಂದ ಸುಮಾರು ಅರವತ್ತು ಸಾವಿರ ಜನ ಹೇಸರಗತ್ತೆ, ನೇಗಿಲು ಹಿಡಿದು ಹೊರಟರು. ಸುಮಾರು ಮೂರು ಸಾವಿರ ಎಸ್ಟೇಟುಗಳಿಗೆ ನುಗ್ಗಿದರು. ಗಣರಾಜ್ಯಕ್ಕೆ ಜೈ ಅಂದರು, ಗೆರೆ ಹಾಕಿ ತುಂಡು ಹಂಚಿಕೊಂಡರು, ಉಳಲು ಶುರು ಮಾಡಿದರು. ಯಾರ ಮನೆಗೂ ಬೆಂಕಿ ಇಡಲಿಲ್ಲ. ಸರ್ಕಾರ ಮೊದಲು ಸೈನ್ಯ ಕಳಿಸಿತು, ಆಮೇಲೆ ಸೈನ್ಯ ಹಿಂದೆ ಕರೆಸಿಕೊಂಡು ಆ ಉಳುಮೆಗೆ ಒಪ್ಪಿಗೆ ಕೊಟ್ಟಿತು. ಇಷ್ಟು ದೊಡ್ಡ ಭೂ ಆಕ್ರಮಣ ಒಂದೇ ಬೆಳಿಗ್ಗೆ, ಹೆಚ್ಚು ಗಲಾಟೆಯಿಲ್ಲದೆ ನಡೆದದ್ದು ಚರಿತ್ರೆಯಲ್ಲಿ ಅಪರೂಪ. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಪಿಸಾರೊ ಇದ್ದ, ಕೊಲಂಬಸ್ ಇದ್ದ. ಈ ಬೆಳಿಗ್ಗೆ ಇರಲಿಲ್ಲ.

ನಾಲ್ಕೂವರೆ ತಿಂಗಳಷ್ಟೇ. ಜುಲೈನಲ್ಲಿ ಸೇನೆಯ ಜನರಲ್‌ಗಳು ಬಂಡೆದ್ದರು. ಸೆವಿಲ್ಯದಿಂದ ಹೊರಟ ದಂಡು ಹಳ್ಳಿ ಹಳ್ಳಿಯಲ್ಲಿ ಸಂಘದವರನ್ನು ಹುಡುಕಿ ಕೊಲ್ಲುತ್ತ ಬಂದು ಆಗಸ್ಟ್ 14ರಂದು ಯಾಗ್ವೆ ಅನ್ನುವ ಲೆಫ್ಟಿನೆಂಟ್ ಕರ್ನಲ್‌ನ ಕೈಯಲ್ಲಿ ಬದಹೋಸ್ ಹೊಕ್ಕಿತು. ಹಿಡಿದವರನ್ನು ಗೂಳಿಕಾಳಗದ ಅಖಾಡಕ್ಕೆ ತುಂಬಿ ಗುಂಡಿಕ್ಕಿದರು. ಹೆಗಲ ಮೇಲೆ ಬಂದೂಕಿನ ಒದೆತದ ಗುರುತು ಕಂಡರೆ ಸಾಕು, ಸಾವು. ಅಮೆರಿಕದ ಜೇ ಆಲೆನ್ ಅನ್ನುವ ಪತ್ರಕರ್ತ ಬರೆದ ವರದಿ ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯಲ್ಲಿ ಆಗಸ್ಟ್ 30ರಂದು ಬಂತು. ಸತ್ತವರ ಲೆಕ್ಕದ ಬಗ್ಗೆ ಇನ್ನೂ ಜಗಳ ಇದೆ; ಹೆಸರು ಹಿಡಿದು ಪತ್ತೆಯಾದವರೇ ಸಾವಿರಕ್ಕೆ ಮೇಲೆ. ಉತ್ತ ನೆಲ ಧಣಿಗಳಿಗೆ ವಾಪಸ್ಸಾಯಿತು. ಆ ಅಖಾಡವನ್ನು ಈ ಶತಮಾನದ ಹೊಸ್ತಿಲಲ್ಲಿ ಕೆಡವಿದರು. ಅದೇ ಜಾಗದಲ್ಲಿ ಸಮ್ಮೇಳನ ಭವನ ಎದ್ದಿದೆ. ಅದೂ ದುಂಡಗೇ ಇದೆ. ನಾವು ಒಂದು ಸುತ್ತು ಬಂದೆವು.

ಫ್ರಾಂಕೊ ಕಾಲದ ದೆಏಸಾ ಹೇಗಿತ್ತು ಅಂತ ತಿಳಿಯಬೇಕಾದವರು ಮಿಗೆಲ್ ದೆಲಿಬೆಸ್ 1981ರಲ್ಲಿ ಬರೆದ 'ಲೋಸ್ ಸಾಂತೋಸ್ ಇನೊಸೆಂತೆಸ್' ಕಾದಂಬರಿಯನ್ನು, ಅಥವಾ 1984ರಲ್ಲಿ ಮಾರಿಯೊ ಕಾಮುಸ್ ಮಾಡಿದ ಅದರ ಸಿನಿಮಾವನ್ನು ನೋಡಬೇಕು. ಧಣಿ ಹೊಡೆದ ಹಕ್ಕಿ ಎಲ್ಲಿ ಬಿತ್ತು ಅಂತ ಆಳು ನಾಲ್ಕು ಕಾಲಲ್ಲಿ ಮೂಸಿ ಹುಡುಕುತ್ತಾನೆ. ಇನ್ನೊಂದು ಕಡೆ, ನಮ್ಮ ಆಳುಗಳೂ ವಿದ್ಯಾವಂತರು ಅಂತ ವಿದೇಶಿ ಅತಿಥಿಗೆ ತೋರಿಸಲು ಧಣಿ ಅವರನ್ನು ಊಟದ ಕೋಣೆಗೆ ಕರೆಸಿ ಸಹಿ ಮಾಡಿಸುತ್ತಾನೆ. ಬೆರಳು ನಡುಗಿಸಿಕೊಂಡು ಒಂದೊಂದೇ ಅಕ್ಷರ ಬರೆಯುತ್ತಾರೆ. ಆ ದೃಶ್ಯ ನೋಡುವಾಗ ನಮ್ಮಲ್ಲಿ ಒಬ್ಬರಿಗೆ ತಮ್ಮ ಅಪ್ಪನ ಹೆಬ್ಬೆಟ್ಟು ನೆನಪಾಯಿತು. ಅವರು ಎದ್ದು ಹೊರಗೆ ಹೋದರು.

1950ರಿಂದ 1975ರ ನಡುವೆ ಲಕ್ಷಾಂತರ ಜನ ಈ ಸೀಮೆ ಬಿಟ್ಟು ಮಾದ್ರಿದ್, ಬಾರ್ಸಲೋನ, ಜರ್ಮನಿಯ ಕಾರ್ಖಾನೆಗಳಿಗೆ ಹೋದರು. ಹಳ್ಳಿಗಳಲ್ಲಿ ಈಗ ಮುದುಕರು, ಬಾಗಿಲು ಹಾಕಿದ ಮನೆಗಳು. ಎಷ್ಟೋ ಎಸ್ಟೇಟ್ ಮನೆಗಳು ಪ್ರವಾಸಿಗಳ ವಸತಿಯಾಗಿವೆ. ಮರಗಳಿಗೆ ಬೇರು ಕೊಳೆಯುವ ರೋಗ ಹತ್ತಿದೆ, ಸಸಿಗಳು ಮೇಲೇಳುತ್ತಿಲ್ಲ. ಕೆಲಸಕ್ಕೆ ಜನ ಸಿಕ್ಕುವುದಿಲ್ಲ ಅಂತ ಒಡೆಯರು ಗೊಣಗುತ್ತಾರೆ.

ಬದಹೋಸ್‌ನಿಂದ ದಕ್ಷಿಣಕ್ಕೆ, ಕೊನೆಯ ದಿನ, ಕುರಿಗಳ ಹಳೆಯ ರಾಜಮಾರ್ಗದಲ್ಲಿ ನಡೆಯುತ್ತಿದ್ದೆವು. ನಕ್ಷೆಯಲ್ಲಿ ದಾರಿ ಮುಂದಕ್ಕಿತ್ತು. ನೆಲದ ಮೇಲೆ ಅಡ್ಡಕ್ಕೆ ಕಬ್ಬಿಣದ ಗೇಟು, ಗೇಟಿಗೆ ಸರಪಳಿ, ಸರಪಳಿಗೆ ಬೀಗ, ಪಕ್ಕದಲ್ಲಿ ಖಾಸಗಿ ಬೇಟೆಯ ಜಾಗ ಅನ್ನುವ ಫಲಕ. ಆಚೆ ಬದಿಯಲ್ಲಿ ಹಂದಿಗಳು ತಲೆಯೆತ್ತಿ ನಮ್ಮನ್ನು ನೋಡಿದವು. ಆರು ಕಿಲೋಮೀಟರು ಸುತ್ತಿಕೊಂಡು ಹತ್ತಿರದ ಊರಿನ ಕಚೇರಿಗೆ ಹೋದೆವು. ಅಲ್ಲಿದ್ದ ಗುಮಾಸ್ತ ಒಳ್ಳೆಯ ಮನುಷ್ಯ. ನೀರು ಕೊಟ್ಟ, ಕಪಾಟಿನಿಂದ ಹಳೆಯ ನಕ್ಷೆ ತೆಗೆದು ಮೇಜಿನ ಮೇಲೆ ಹಾಸಿದ. ಹೌದು, ಸಾರ್ವಜನಿಕ ದಾರಿಯೇ, ಅಗಲ ತೊಂಬತ್ತು ವಾರಾ ಅಂತ ಬೆರಳಿಟ್ಟು ತೋರಿಸಿದ. ಮತ್ತೆ ಗೇಟು ಯಾಕೆ ಅಂದೆವು. ಅವನು ಹೆಗಲು ಕುಣಿಸಿ ಒಂದು ಅರ್ಜಿ ಕೊಡಿ ಅಂದ. ಬರೆದು, ಮೂವರೂ ಸಹಿ ಹಾಕಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆವು. ಉತ್ತರ ಇನ್ನೂ ಬಂದಿಲ್ಲ.